ಕೊಟ್ಟು ಬಡವರಾದ ಕಾರ್ನಾಡು ಸದಾಶಿವರಾಯರು

ಕಾರ್ಕಳದಿಂದ ಮೂಡಲಿಗೆ ಹೊರಟ ದಾರಿ ನಮ್ಮ ಬಜಗೋಳಿಯ ಪೇಟೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಮಾಳದ ಮೂಲಕ ಘಟ್ಟವನ್ನೇರಿ ಕುದುರೆಮುಖದ ಕಡೆಗೆ ಸಾಗುತ್ತದೆ. ಇನ್ನೊಂದು ನಾರಾವಿಯ ಮೇಲಾಗಿ ಧರ್ಮಸ್ಥಳಕ್ಕೆ ಹೋಗುತ್ತದೆ. ಈ ಕವಲಿನಲ್ಲಿ ಬಸ್ಸಿಗಾಗಿ ಕಾಯುತ್ತ ನಾನು ಕಳೆದ ಗಂಟೆಗಳಿಗೆ ಲೆಕ್ಕವಿಲ್ಲ. ನನ್ನ ಎಳೆಯ ಪ್ರಾಯದಲ್ಲಿ ಇಲ್ಲಿ ಲಾಟರಿ ಚೀಟಿ ಮಾರುವವನೊಬ್ಬನಿದ್ದನು. ಸಣ್ಣದೊಂದು ಮೇಜು, ಅದರ ಮೇಲೆ ಕಟ್ಟಿದ ದಾರ, ದಾರಕ್ಕೆ ಸಿಕ್ಕಿಸಿದ ಬಣ್ಣಬಣ್ಣದ ಚೀಟಿಗಳು. ಗಾಳಿ ಬೀಸಿದಾಗ ಅವು ಜಾತ್ರೆಯ ತೋರಣದಂತೆ ಪಟಪಟಿಸುತ್ತಿದ್ದವು. 2007ರಲ್ಲಿ ಕರ್ನಾಟಕ ಸರಕಾರವು ಲಾಟರಿಯನ್ನು ನಿಷೇಧಿಸಿದ ಮೇಲೆ ಆ ಮೇಜು ಮಾಯವಾಯಿತು. ಆದರೆ ಆಸೆಗೆ ನಿಷೇಧವಿಲ್ಲವಷ್ಟೆ! ಇಂದಿಗೂ ಕಾಸರಗೋಡಿನ ಕಡೆಗೆ ಹೋಗಿಬಂದವರ ಕಿಸೆಯಲ್ಲಿ ಕೇರಳದ ಚೀಟಿ ಇರುವುದುಂಟು.

ಕಳೆದ ವರ್ಷ ಓಣಂ ಹಬ್ಬದ ಹೊತ್ತಿಗೆ ನನ್ನ ವಿದ್ಯಾರ್ಥಿಯೊಬ್ಬನು ಅಂತಹ ಚೀಟಿಯೊಂದನ್ನು ತರಗತಿಗೆ ತಂದನು. ಅವನ ಮಾವ ಗಡಿಯಾಚೆಯಿಂದ ತಂದುದಂತೆ. ಚೀಟಿಯ ಬೆಲೆ ಐನೂರು ರೂಪಾಯಿ, ಮೊದಲ ಬಹುಮಾನ 25 ಕೋಟಿ. ಚೀಟಿ ಬೆಂಚಿನಿಂದ ಬೆಂಚಿಗೆ ದಾಟುತ್ತಿರುವುದನ್ನು ಕಂಡೆ. ಗದರಿಸುವುದಕ್ಕೆ ಬದಲು, ಆ ಹಣ ತಮಗೆ ಬಂದರೆ ಏನು ಮಾಡುವಿರೆಂದು ಪ್ರಬಂಧ ಬರೆದು ತರುವಂತೆ ಎಲ್ಲರಿಗೂ ಹೇಳಿದೆ. ಮರುವಾರ ನಲವತ್ತಕ್ಕೂ ಮಿಕ್ಕಿದ ಪ್ರಬಂಧಗಳು ನನ್ನ ಮೇಜಿಗೆ ಬಂದವು. ಓದುತ್ತ ಹೋದಂತೆ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತು. ಮೊದಲು ಮನೆ, ಆಮೇಲೆ ಕಾರು, ಆಮೇಲೆ ತಾಯಿಗೆ ಚಿನ್ನ, ತಂಗಿಯ ಮದುವೆ, ದೇಶಸಂಚಾರ. ಕಟ್ಟಕಡೆಯ ಖಂಡಿಕೆಯಲ್ಲಿ ಬಡವರಿಗೆ, ಅನಾಥರಿಗೆ, ರೋಗಿಗಳಿಗೆ ದಾನ. ದಾನವನ್ನು ಮರೆತ ಮಗು ಒಂದೂ ಇರಲಿಲ್ಲ. ದಾನದಿಂದ ಮೊದಲುಮಾಡಿದ ಮಗುವೂ ಒಂದಿರಲಿಲ್ಲ.

ಆ ದಿನ ಪಾಠವನ್ನು ಬದಿಗಿಟ್ಟು, ದಾನವನ್ನು ಮೊದಲ ಖಂಡಿಕೆಯಲ್ಲಿಯೇ ಬರೆದುಬಿಟ್ಟ ನಮ್ಮ ಕರಾವಳಿಯ ಒಬ್ಬರ ಬಾಳನ್ನು ಅವರಿಗೆ ಹೇಳಿದೆ. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮಂಗಳೂರಿನ ಹಂಪನಕಟ್ಟೆಯಿಂದ ಹೊರಡುವ ಕೆ. ಎಸ್. ರಾವ್ ರಸ್ತೆಯನ್ನು ಅರಿಯದವರು ನಮ್ಮಲ್ಲಿ ಕಡಮೆ. ಅಂಗಡಿ, ಹೋಟೆಲು, ಜನಜಂಗುಳಿಗಳಿಂದ ತುಂಬಿದ ಬೀದಿ ಅದು. ಬೆಂಗಳೂರಿನ ಸದಾಶಿವನಗರವನ್ನೂ ಎಲ್ಲರೂ ಬಲ್ಲರು. ಆ ನಗರದಲ್ಲಿ ನೆಲದ ಬೆಲೆ ಗಗನಕ್ಕೇರಿರುವ ಬಡಾವಣೆಗಳಲ್ಲಿ ಅದು ಒಂದು. ಈ ಎರಡು ಹೆಸರುಗಳೂ ಒಬ್ಬರದೇ ಎಂದು ಹೇಳಿದಾಗ ನನ್ನ ವಿದ್ಯಾರ್ಥಿಗಳು ಬೆರಗಾದರು. ಆ ಒಬ್ಬರು ಸಾಯುವ ವೇಳೆಗೆ ತಮ್ಮದೆಂಬ ಆಸ್ತಿಯೊಂದೂ ಉಳಿಯದೆ ಹೋದವರೆಂದು ಹೇಳಿದಾಗ ತರಗತಿ ಮೌನವಾಯಿತು.

ಕಾರ್ನಾಡು ಸದಾಶಿವರಾಯರು ಹುಟ್ಟಿದುದು 1881ರಲ್ಲಿ, ಮಂಗಳೂರಿನ ಸಿರಿವಂತ ಸಾರಸ್ವತ ಮನೆತನದಲ್ಲಿ. ಮನೆತನದ ಹೆಸರು ಮೂಲ್ಕಿಯ ಬಳಿಯ ಕಾರ್ನಾಡಿನಿಂದ ಬಂದುದು. ತಂದೆ ರಾಮಚಂದ್ರರಾಯರು ಹೆಸರಾಂತ ವಕೀಲರು, ತಾಯಿ ರಾಧಾಬಾಯಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿಯ ಓದು, ಮುಂಬಯಿಯಲ್ಲಿ ಕಾನೂನಿನ ಓದು, ಬಳಿಕ ಮಂಗಳೂರಿನಲ್ಲಿ ವಕೀಲಿ. ಹುಟ್ಟಿನಿಂದ ಬಂದ ಸಂಪತ್ತು ಒಂದು ಕೈಯಲ್ಲಿ, ವಿದ್ಯೆಯಿಂದ ಬರಬಹುದಾದ ಸಂಪತ್ತು ಇನ್ನೊಂದು ಕೈಯಲ್ಲಿ. ನನ್ನ ವಿದ್ಯಾರ್ಥಿಗಳು ಯಾವ ಚೀಟಿಯ ಅಂಕಿಗಳಲ್ಲಿ ಅದೃಷ್ಟವನ್ನು ಹುಡುಕುತ್ತಿದ್ದರೋ, ಆ ಚೀಟಿ ರಾಯರ ತೊಟ್ಟಿಲಿನಲ್ಲಿಯೇ ಇದ್ದಿತೆನ್ನಬಹುದು.

ಅವರು ಪ್ರಾಯಕ್ಕೆ ಬಂದ ಕಾಲವು ದಕ್ಷಿಣ ಕನ್ನಡವು ಹಣದ ವಿಚಾರದಲ್ಲಿ ಹೊಸ ಪಾಠ ಕಲಿಯುತ್ತಿದ್ದ ಕಾಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ತೆರೆದರು. ಮುಂದೆ ಅದು ಕೆನರಾ ಬ್ಯಾಂಕಾಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳ್ತನದಲ್ಲಿ ಇನ್ನೊಂದು ಬ್ಯಾಂಕು ತಲೆಯೆತ್ತಿತು. 1925ರಲ್ಲಿ ಉಡುಪಿಯಲ್ಲಿಯೇ ಹುಟ್ಟಿದ ಸಂಸ್ಥೆಯೊಂದು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದುದು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ಮನೆಮನೆಯ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಹಾಕುವುದನ್ನು ಕಲಿಸಿತು. ಉಳಿತಾಯವು ನಮ್ಮ ಜಿಲ್ಲೆಯ ಎರಡನೆಯ ಧರ್ಮವಾಯಿತೆಂದರೆ ಅತಿಶಯೋಕ್ತಿಯಲ್ಲ. ಅದು ಒಳ್ಳೆಯ ಧರ್ಮವೇ. ಎಷ್ಟೋ ಬಡಮನೆಗಳು ಅದರಿಂದ ಮೇಲೆದ್ದವು. ಇಡೀ ಜಿಲ್ಲೆ ಕೂಡಿಸಲು ಕಲಿಯುತ್ತಿದ್ದ ಆ ದಿನಗಳಲ್ಲಿಯೇ ಸದಾಶಿವರಾಯರು ಕಳೆಯಲು ಕಲಿತರು.

ಮೊದಲ ಹೆಜ್ಜೆ ಮನೆಯಿಂದಲೇ ಆರಂಭವಾಯಿತು. 1911ರಲ್ಲಿ ಅವರು ಮಡದಿ ಶಾಂತಾಬಾಯಿಯವರ ನೆರವಿನಿಂದ ಮಂಗಳೂರಿನಲ್ಲಿ ಮಹಿಳಾ ಸಭೆಯನ್ನು ಕಟ್ಟಿದರು. ಆಗಿನ ವಿಧವೆಯ ಪಾಡನ್ನು ನೆನೆದರೆ ಈ ಕೆಲಸದ ಹಿರಿಮೆ ತಿಳಿಯುತ್ತದೆ. ತಲೆಬೋಳಿಸಿಕೊಂಡು ಹಿತ್ತಲ ಕೋಣೆಯಲ್ಲಿ ಕಾಲಕಳೆಯಬೇಕಾಗಿದ್ದ ಹೆಣ್ಣಿಗೆ ಅಕ್ಷರ ಕಲಿಸುವುದು, ಕೈಗೆ ಕೆಲಸ ಕೊಡುವುದು, ನಾಲ್ಕು ಜನರ ನಡುವೆ ಕುಳಿತು ಮಾತಾಡುವ ಧೈರ್ಯ ತುಂಬುವುದು ಆ ಸಭೆಯ ಉದ್ದೇಶವಾಗಿದ್ದಿತು. ಹಣವನ್ನು ಎಸೆದುಬಿಡುವ ದಾನ ಇದಲ್ಲ. ಕೊಡುವವನು ತನ್ನ ಮನೆಯ ಬಾಗಿಲನ್ನೂ ತೆರೆಯಬೇಕಾದ, ತನ್ನ ಜಾತಿಯವರ ಕಟುನುಡಿಯನ್ನೂ ಕೇಳಬೇಕಾದ ದಾನ.

ಅದೇ ಮಂಗಳೂರಿನಲ್ಲಿ ಕುದ್ಮಲ್ ರಂಗರಾಯರು 1897ರಿಂದಲೇ ದಲಿತರ ಉದ್ಧಾರದ ಸಂಸ್ಥೆಯನ್ನು ಕಟ್ಟಿ, ಶಾಲೆ ತೆರೆದು, ಊರಿನ ಬಹಿಷ್ಕಾರವನ್ನು ಉಂಡಿದ್ದರು. ಸದಾಶಿವರಾಯರಿಗೂ ಅಸ್ಪೃಶ್ಯತೆಯೆಂಬುದು ಭಾಷಣದ ವಿಷಯವಾಗಿರಲಿಲ್ಲ. ಕೈಯಲ್ಲಿರುವುದನ್ನು ಕೊಡುವುದು ಸುಲಭ. ಪಂಕ್ತಿಯಲ್ಲಿ ಜೊತೆಗೆ ಕುಳಿತುಕೊಳ್ಳುವುದು ಕಷ್ಟ. ರಾಯರು ಎರಡಕ್ಕೂ ಸಿದ್ಧರಾಗಿದ್ದರು. ಐಹಿಕ ಸಂಪತ್ತೆಂದರೆ ಬರಿಯ ಹಣವಲ್ಲ, ಕುಲದ ಮನ್ನಣೆಯೂ ಒಂದು ಆಸ್ತಿಯೇ. ಅದನ್ನೂ ಅವರು ಖರ್ಚುಮಾಡಿದರು.

1919ರಲ್ಲಿ ಗಾಂಧೀಜಿಯವರು ಸತ್ಯಾಗ್ರಹದ ಪ್ರತಿಜ್ಞೆಗೆ ಕರೆಕೊಟ್ಟಾಗ ಕರ್ನಾಟಕದಿಂದ ಮೊದಲಿಗೆ ಓಗೊಟ್ಟವರು ಸದಾಶಿವರಾಯರು. 1920ರ ಆಗಸ್ಟಿನಲ್ಲಿ ಗಾಂಧೀಜಿ ಶೌಕತ್ ಅಲಿಯವರೊಡನೆ ಮಂಗಳೂರಿಗೆ ಬಂದರು. ಅಸಹಕಾರದ ಕಹಳೆ ಮೊಳಗಿದೊಡನೆ ರಾಯರು ವಕೀಲಿಯನ್ನು ತೊರೆದರು. ಮಂಗಳೂರಿನಲ್ಲಿ ತಿಲಕ ವಿದ್ಯಾಲಯವನ್ನು ನಡೆಸಿ, ಹಿಂದಿಯನ್ನೂ ನೂಲುವುದನ್ನೂ ಕಲಿಸುವ ಏರ್ಪಾಡು ಮಾಡಿದರು. ಹೊಸ ವರಮಾನದ ಬಾಗಿಲು ಮುಚ್ಚಿತು. ಹಳೆಯ ಸಂಪತ್ತಿನ ಬಾಗಿಲು ಮಾತ್ರ ಹೊರಗಡೆಗೆ ತೆರೆದೇ ಇದ್ದಿತು.

ಮರುವರ್ಷ, 1921ರಲ್ಲಿ, ತಿಲಕರ ನೆನಪಿಗಾಗಿ ದೇಶದಾದ್ಯಂತ ಸ್ವರಾಜ್ಯ ನಿಧಿಯನ್ನು ಕೂಡಿಸಲಾಯಿತು. ಗುರಿ ಒಂದು ಕೋಟಿ ರೂಪಾಯಿ. ಹೆಂಗಸರು ಬಳೆಯನ್ನು ಕಳಚಿಕೊಟ್ಟರು, ಕೂಲಿಯವರು ಕಾಸನ್ನು ಹಾಕಿದರು. ಈ ನಿಧಿಯನ್ನೂ ಲಾಟರಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವಂತೆ ನಾನು ವಿದ್ಯಾರ್ಥಿಗಳಿಗೆ ಹೇಳಿದೆ. ಎರಡರಲ್ಲಿಯೂ ಹಣ ಕೂಡುವ ಬಗೆ ಒಂದೇ: ಲಕ್ಷಗಟ್ಟಲೆ ಜನರು ಚೂರುಚೂರು ಹಾಕುತ್ತಾರೆ. ಹಂಚುವ ಬಗೆ ಮಾತ್ರ ತಲೆಕೆಳಗು. ನಿಧಿಯಲ್ಲಿ ಹಲವರ ಹಣ ಎಲ್ಲರ ಕೆಲಸಕ್ಕೆ ಹೋಗುತ್ತದೆ; ಲಾಟರಿಯಲ್ಲಿ ಹಲವರ ಹಣದ ದೊಡ್ಡ ರಾಶಿ ಒಬ್ಬನ ಮನೆಗೆ ಹೋಗುತ್ತದೆ. ನಿಧಿಗೆ ಹಾಕಿದವನು ಕೊಟ್ಟೆನೆಂದು ಮರೆಯುತ್ತಾನೆ. ಚೀಟಿ ಕೊಂಡವನು ಫಲಿತಾಂಶದ ದಿನದವರೆಗೂ ತನ್ನ ಹತ್ತು ರೂಪಾಯಿಯನ್ನು ಕನಸಿನಲ್ಲಿ ಎಣಿಸುತ್ತಿರುತ್ತಾನೆ.

ಲಾಟರಿಯ ಪರವಾಗಿ ಹೇಳಬೇಕಾದುದನ್ನೂ ನಾನು ಮುಚ್ಚಿಡಲಿಲ್ಲ. 1817ರಲ್ಲಿ ಕಲ್ಕತ್ತೆಯಲ್ಲಿ ಲಾಟರಿ ಸಮಿತಿಯೆಂಬುದೇ ಇದ್ದು, ಆ ಹಣದಿಂದ ನಗರದ ಬೀದಿಗಳು ಅಗಲವಾದವು. ಕೇರಳವು 1967ರಲ್ಲಿ ಸರಕಾರದ ಲಾಟರಿಯನ್ನು ಸ್ಥಾಪಿಸಿತು. 1968ರ ಜನವರಿ 26ರಂದು ನಡೆದ ಮೊದಲ ಎತ್ತುವಿಕೆಯಲ್ಲಿ ಒಂದು ರೂಪಾಯಿಯ ಚೀಟಿಗೆ ಐವತ್ತು ಸಾವಿರದ ಬಹುಮಾನವಿದ್ದಿತು. ಬಡರೋಗಿಗಳ ಚಿಕಿತ್ಸೆಗೆಂದೇ 2011ರಲ್ಲಿ ಕಾರುಣ್ಯ ಎಂಬ ಲಾಟರಿಯನ್ನು ಅಲ್ಲಿ ಹೊರಡಿಸಿದರು. ಚೀಟಿ ಮಾರಿ ಹೊಟ್ಟೆ ಹೊರೆಯುವ ಅಂಗವಿಕಲರೂ ಮುದುಕರೂ ಅಲ್ಲಿ ಅನೇಕರಿದ್ದಾರೆ. ಇವೆಲ್ಲ ನಿಜ. ಆದರೆ ಪಕ್ಕದ ಮನೆಯವನ ರೋಗಕ್ಕೆ ನಾವು ನೆರವಾಗಬೇಕಾದರೂ ನಮಗೊಂದು ಬಹುಮಾನದ ಆಸೆ ತೋರಿಸಬೇಕಾಯಿತಲ್ಲ ಎಂಬ ಮಾತು ಮನಸ್ಸಿನಲ್ಲಿ ಚುಚ್ಚುತ್ತದೆ.

ರಾಯರಿಗೆ ಯಾವ ಆಸೆಯನ್ನೂ ತೋರಿಸಬೇಕಾಗಿರಲಿಲ್ಲ. ಈ ನಡುವೆ ಶಾಂತಾಬಾಯಿಯವರು ಅಕಾಲದಲ್ಲಿ ತೀರಿಕೊಂಡರು. ಒಡನೆ ನಿಂತು ಕೊಟ್ಟ ಕೈ ಇಲ್ಲವಾಯಿತು. ನೊಂದ ಮನಸ್ಸಿಗೆ ನೆಮ್ಮದಿಯನ್ನರಸಿ ರಾಯರು ಸಾಬರಮತಿಯ ಆಶ್ರಮಕ್ಕೆ ಹೋದರು. ಆದರೆ ಊರು ಅವರನ್ನು ಹೆಚ್ಚುಕಾಲ ಬಿಟ್ಟಿರಲಿಲ್ಲ. 1923ರ ಮಳೆಗಾಲದಲ್ಲಿ ನೇತ್ರಾವತಿಯು ಉಕ್ಕಿ ಹರಿದು ಬಂಟವಾಳ, ಪಾಣೆಮಂಗಳೂರುಗಳ ಕಡೆ ಮನೆಮಠಗಳನ್ನು ಕೊಚ್ಚಿಕೊಂಡು ಹೋಯಿತು. ನಮ್ಮ ಜಿಲ್ಲೆಯ ಹಿರಿಯರ ಬಾಯಲ್ಲಿ ಆ ನೆರೆ ಇಂದಿಗೂ ಕಾಲವನ್ನಳೆಯುವ ಕಂಬವಾಗಿ ಉಳಿದಿದೆ. ಮನೆ ಕಳೆದುಕೊಂಡವರ ನಡುವೆ, ಮನೆಯ ಬೆಳಕನ್ನೇ ಕಳೆದುಕೊಂಡಿದ್ದ ರಾಯರು ನಿಂತು ದುಡಿದರು.

ಹೀಗೆ ವರ್ಷದ ಮೇಲೆ ವರ್ಷ ಆಸ್ತಿ ಕರಗಿತು. ದೇಶದ ಕೆಲಸಕ್ಕೆಂದು, ಕಾರ್ಯಕರ್ತರ ಊಟಕ್ಕೆಂದು, ಬಾಗಿಲಿಗೆ ಬಂದು ನಿಂತ ವಿದ್ಯಾರ್ಥಿಯ ಓದಿಗೆಂದು, ವಿಧವೆಯ ಕಣ್ಣೀರಿಗೆಂದು ಹೋದ ಹಣಕ್ಕೆ ಅವರು ಪಟ್ಟಿ ಇಡಲಿಲ್ಲ. ಇಟ್ಟಿದ್ದರೆ ಇಂದು ನಮಗೆ ಅಂಕಿಗಳು ದೊರೆಯುತ್ತಿದ್ದವು. ಆದರೆ ಅವರು ಸದಾಶಿವರಾಯರಾಗುತ್ತಿರಲಿಲ್ಲ. ಕೈಯಲ್ಲಿದ್ದುದು ಮುಗಿದ ಮೇಲೂ ಬೇಡುವವರು ಮುಗಿಯಲಿಲ್ಲ. ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ, 1930ರಲ್ಲಿ, ಐವತ್ತರ ಹೊಸ್ತಿಲಲ್ಲಿದ್ದ ರಾಯರು ಮತ್ತೆ ಮುಂದಿನ ಸಾಲಿನಲ್ಲಿದ್ದರು. ಕಾನೂನುಭಂಗದ ಆ ವರ್ಷಗಳಲ್ಲಿ ಸೆರೆಮನೆಯ ವಾಸವೂ ಬಂದಿತು. ಹೊರಗೆ ಬಂದಾಗ ಆರೋಗ್ಯವೂ ಆಸ್ತಿಯ ಹಾದಿಯನ್ನೇ ಹಿಡಿದಿದ್ದಿತು.

1936ರ ಡಿಸೆಂಬರಿನ ಕೊನೆಯಲ್ಲಿ ಖಾನದೇಶದ ಫೈಜಪುರದಲ್ಲಿ ಜವಾಹರಲಾಲರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಹಳ್ಳಿಯೊಂದರಲ್ಲಿ ಕಾಂಗ್ರೆಸ್ಸು ಕೂಡಿದುದು ಅದೇ ಮೊದಲು. ರಾಯರು ಅಲ್ಲಿಗೂ ಹೋದರು. ಅಲ್ಲಿಂದ ಜ್ವರ ಹತ್ತಿಸಿಕೊಂಡು ಮುಂಬಯಿಗೆ ಬಂದರು. 1937ರ ಜನವರಿ 9ರಂದು, ತಾವು ಕಾನೂನು ಕಲಿತಿದ್ದ ಆ ನಗರದಲ್ಲಿಯೇ ಕಣ್ಣುಮುಚ್ಚಿದರು. ಸಿರಿವಂತರ ಮನೆಯಲ್ಲಿ ಹುಟ್ಟಿದವರು ಬರಿಗೈಯಲ್ಲಿ ಹೋದರು. ಬರಿಗೈಯಲ್ಲಿ ಹೋಗುವುದು ಎಲ್ಲರ ಪಾಡೇ ಎಂದು ವೇದಾಂತಿಗಳು ಹೇಳಿಯಾರು. ಸಾವು ಬಂದು ಕೈಯನ್ನು ಬರಿದುಮಾಡುವುದು ಬೇರೆ. ಸಾವು ಬರುವಾಗ ಅದಕ್ಕೆ ಕಿತ್ತುಕೊಳ್ಳಲು ಏನೂ ಉಳಿಯದಂತೆ ಬದುಕುವುದು ಬೇರೆ.

ಕಥೆ ಮುಗಿದಾಗ ವಾಣಿಜ್ಯದ ವಿದ್ಯಾರ್ಥಿಯೊಬ್ಬನು ಎದ್ದುನಿಂತನು. ಅವನ ಸಂದೇಹ ಸರಳವಾಗಿದ್ದಿತು. ರಾಯರು ಮೂಲಧನವನ್ನು ಮುಟ್ಟದೆ ಬಡ್ಡಿಯನ್ನಷ್ಟೆ ದಾನ ಮಾಡಿದ್ದರೆ ಇಂದಿಗೂ ಆ ದಾನ ನಡೆಯುತ್ತಿರಲಿಲ್ಲವೆ, ಹೆಚ್ಚು ಜನಕ್ಕೆ ಉಪಕಾರವಾಗುತ್ತಿರಲಿಲ್ಲವೆ, ಹೀಗೆ ಎಲ್ಲವನ್ನೂ ಕೊಟ್ಟು ತಾವೇ ಕಷ್ಟಕ್ಕೆ ಸಿಕ್ಕಿಬಿದ್ದುದು ಜಾಣತನವೆ, ಎಂದು ಕೇಳಿದನು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಅದು ಒಳ್ಳೆಯ ಪ್ರಶ್ನೆ. ಡಾಕ್ಟರ್ ಶಿವರಾಮ ಕಾರಂತರು ಔದಾರ್ಯದ ಉರುಳಲ್ಲಿ ಎಂಬ ಕಾದಂಬರಿಯನ್ನು ಬರೆದಿದ್ದಾರೆ. ಅದರ ಹಿಂದೆ ಸದಾಶಿವರಾಯರ ಬದುಕಿನ ನೆರಳಿದೆಯೆಂಬುದು ಸಾಹಿತ್ಯಾಸಕ್ತರಿಗೆ ತಿಳಿದ ಸಂಗತಿ. ಔದಾರ್ಯವೂ ಕೊರಳಿಗೆ ಉರುಳಾಗಬಲ್ಲುದೆಂದು ಆ ಹೆಸರೇ ಸೂಚಿಸುತ್ತದೆ. ಅಷ್ಟು ದೊಡ್ಡ ಲೇಖಕರ ಮನಸ್ಸನ್ನು ಕಾಡಿದ ಪ್ರಶ್ನೆಯನ್ನು ಒಬ್ಬ ಹುಡುಗ ಕೇಳಿದುದು ತಪ್ಪಾಗದು.

ನಾನು ಅವನಿಗೆ ಕೊಟ್ಟ ಉತ್ತರ ಇಷ್ಟು. ಮೂಲಧನವನ್ನು ಕಾಯ್ದಿಟ್ಟು ದಾನ ಮಾಡುವುದು ಸಂಸ್ಥೆಗಳ ಧರ್ಮ, ಅದು ಬೇಕು. ಆದರೆ ನೆರೆಯಲ್ಲಿ ಮನೆ ಕೊಚ್ಚಿಹೋದವನು ವರ್ಷಾಂತ್ಯದ ಬಡ್ಡಿಗಾಗಿ ಕಾಯಲಾರನು. ಅಂದಿನ ಹಸಿವಿಗೆ ಅಂದೇ ಅನ್ನ ಬೇಕು. ರಾಯರು ಮುಂದಿನ ಶತಮಾನದ ಬಡವನಿಗಾಗಿ ತಮ್ಮ ಮುಂದೆ ನಿಂತಿದ್ದ ಬಡವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಅವರ ಕೈ ಬರಿದಾದುದರ ದೋಷವನ್ನು ಅವರ ಔದಾರ್ಯದ ಮೇಲೆ ಹೊರಿಸುವುದಕ್ಕೆ ಮೊದಲು, ಆಗ ಸುತ್ತಲಿದ್ದ ತುಂಬಿದ ಕೈಗಳು ಏನು ಮಾಡುತ್ತಿದ್ದವೆಂದು ಕೇಳಬೇಕು. ಒಬ್ಬನು ಕೊಡುತ್ತಾನೆಂದು ತಿಳಿದರೆ ಉಳಿದವರು ಮುಷ್ಟಿ ಬಿಗಿಹಿಡಿಯುತ್ತಾರೆ. ಬಾಗಿಲಿಗೆ ಬಂದ ಬಡವನಿಗೆ ರಾಯರ ಮನೆಯ ದಾರಿ ತೋರಿಸಿ ತಾವು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುತ್ತಾರೆ. ದಿನಕ್ಕೆ ಎರಡಾಣೆ ಕೂಡಿಸಲು ಕಲಿತ ಜಿಲ್ಲೆಯು ತಿಂಗಳಿಗೆ ಎರಡಾಣೆ ಕೊಡಲು ಕಲಿತಿದ್ದರೆ ಒಬ್ಬ ಸದಾಶಿವರಾಯರು ಎಲ್ಲವನ್ನೂ ಕೊಡಬೇಕಾಗಿರಲಿಲ್ಲ.

ನಮ್ಮ ಕಡೆಯ ಯಕ್ಷಗಾನದ ಬಯಲಿನಲ್ಲಿ ಧರ್ಮರಾಯನು ಪಗಡೆಯಲ್ಲಿ ಸೋತು ಕಾಡಿಗೆ ಹೊರಟಾಗ ಜನ ಕಣ್ಣೊರಸಿಕೊಳ್ಳುವುದನ್ನು ಕಂಡಿದ್ದೇನೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡವನಿಗಾಗಿ ಅಳಲು ನಮಗೆ ಬರುತ್ತದೆ. ಕೊಟ್ಟು ಕಳೆದುಕೊಂಡವರಿಗೆ ನಾವು ಒಂದು ರಸ್ತೆಯ ಹೆಸರನ್ನಿಟ್ಟೆವು. ಆ ಹೆಸರನ್ನೂ ಎರಡು ಅಕ್ಷರಗಳಿಗೆ ಮೊಟಕುಮಾಡಿದೆವು.

ಇಷ್ಟನ್ನು ಹೇಳಿ ಮುಗಿಸಿದ್ದರೆ ತರಗತಿಯ ಮಟ್ಟಿಗೆ ಸಾಕಾಗಿದ್ದಿತು. ಆದರೆ ಅಂದು ವಿದ್ಯಾರ್ಥಿಗಳಿಗೆ ಹೇಳದ ಮಾತೊಂದು ಉಳಿದಿದೆ. ಅದನ್ನು ಇಲ್ಲಿ ಬರೆಯದೆ ಹೋದರೆ ನಾನು ಬೋಧಿಸಿದುದೆಲ್ಲ ಬರಿಯ ಬಾಯಿಮಾತಾದೀತು.

2003ರ ಸುಮಾರಿಗೆ ನಾನು ತಾತ್ಕಾಲಿಕ ಉಪನ್ಯಾಸಕನಾಗಿದ್ದೆ. ಬಜಗೋಳಿಯ ಕವಲಿನ ಆ ಮೇಜಿನಿಂದ ವಾರಕ್ಕೊಂದು ಚೀಟಿ ಕೊಳ್ಳುವ ಚಟ ನನಗಿದ್ದಿತು. ಬಹುಮಾನ ಬಂದರೆ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದು ಪ್ರತಿ ಸಲವೂ ಮನಸ್ಸಿನಲ್ಲಿ ಹರಕೆ ಹೊರುತ್ತಿದ್ದೆ. ಯಾರು ಯಾರಿಗೆ ಎಷ್ಟೆಷ್ಟೆಂದು ಪಾಲನ್ನೂ ಮಾಡುತ್ತಿದ್ದೆ. ಅಂತಹ ಒಂದು ಸಂಜೆ ಬಸ್ಸಿಗಾಗಿ ಕಾಯುತ್ತಿದ್ದಾಗ, ನಮ್ಮ ಮನೆಯ ಅಡಕೆ ಕೊಯ್ಲಿಗೆ ಬರುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. ಮಡದಿಯನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದೆ, ಐನೂರು ರೂಪಾಯಿ ಬೇಕು, ಕೆಲಸದಲ್ಲಿ ಮುರಿದುಕೊಳ್ಳಬಹುದು ಎಂದು ತುಳುವಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು. ಅಂದೇ ನನ್ನ ಸಂಬಳವಾಗಿದ್ದಿತು. ಹಣ ಕಿಸೆಯಲ್ಲಿದ್ದಿತು, ಅದರ ಜೊತೆಗೆ ಆಗತಾನೆ ಕೊಂಡ ಚೀಟಿಯೂ ಇದ್ದಿತು. ತಿಂಗಳ ಕೊನೆಗೆ ನೋಡೋಣವೆಂದು ಹೇಳಿ ನಾನು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಬರಲಿರುವ ಬಹುಮಾನದಲ್ಲಿ ಅವರಿಗೆ ಹತ್ತು ಸಾವಿರವನ್ನು ಬೇರೆಯಿಟ್ಟೆ. ಮನಸ್ಸಿಗೆ ಹಾಯೆನಿಸಿತು. ಆ ಹಾಯನ್ನು ನೆನೆದಾಗಲೆಲ್ಲ ಇಂದು ನನಗೆ ನಾಚಿಕೆಯಾಗುತ್ತದೆ.

ಚೀಟಿಗೆ ಬಹುಮಾನ ಬರಲಿಲ್ಲ. ನೆರೆಕರೆಯವರು ನೂರು, ಐವತ್ತು ಹಾಕಿ ಆ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದರೆಂದೂ ಅವರು ಗುಣವಾಗಿ ಬಂದರೆಂದೂ ಆಮೇಲೆ ತಿಳಿಯಿತು. ಆ ನೆರೆಕರೆಯವರಲ್ಲಿ ಯಾರೂ ನನಗಿಂತ ಹೆಚ್ಚು ಸಂಬಳದವರಲ್ಲ. ಲಾಟರಿಯ ನಿಜವಾದ ನಷ್ಟವು ಹತ್ತು ರೂಪಾಯಿಯಲ್ಲವೆಂಬುದು ನನಗೆ ಗೊತ್ತಾದುದು ಅಂದು. ಬಾರದ ಹಣದಲ್ಲಿ ಉದಾರಿಯಾಗಿ, ಇರುವ ಹಣದಲ್ಲಿ ಕೃಪಣನಾಗಿ ಬದುಕುವುದನ್ನು ಅದು ನನಗೆ ಕಲಿಸಿದ್ದಿತು.

ಸದಾಶಿವರಾಯರಂತೆ ಎಲ್ಲವನ್ನೂ ಕೊಡುವ ಎದೆಗಾರಿಕೆ ನನಗಿಲ್ಲ. ವಾಚಕರಲ್ಲಿಯೂ ಹಲವರಿಗೆ ಇರಲಾರದು. ಹಿರಿಯರ ಬಾಳನ್ನು ನಾವು ಓದುವುದು ಅವರಂತೆಯೇ ಆಗಿಬಿಡುವುದಕ್ಕಲ್ಲ, ನಮ್ಮ ಅಳತೆ ನಮಗೆ ತಿಳಿಯಲೆಂದು. ಕೇಳಿದವನು ಮುಂದೆ ನಿಂತಿರುವಾಗ ಕಿಸೆಯಲ್ಲಿರುವುದರಿಂದ ಕೊಡಬೇಕು, ಬರಲಿರುವುದರಿಂದಲ್ಲ: ನಾನು ಆ ಬಾಳಿನಿಂದ ಕಲಿಯಲು ಯತ್ನಿಸುತ್ತಿರುವುದು ಇಷ್ಟೇ.

ಅಡಕೆ ಕೊಯ್ಯುತ್ತಿದ್ದ ಆ ಹಿರಿಯರಿಗೆ ಈಗ ಮರವೇರುವ ಪ್ರಾಯ ದಾಟಿದೆ. ಸಂಜೆಯ ಹೊತ್ತು ಬಜಗೋಳಿಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿರುತ್ತಾರೆ. ನಾನು ಕಾಲೇಜಿನಿಂದ ಬಂದು ಇಳಿದಾಗ ಎದ್ದುನಿಂತು ಮೇಷ್ಟ್ರಿಗೆ ಕೈಮುಗಿಯುತ್ತಾರೆ. ಆ ಐನೂರು ರೂಪಾಯಿಯ ಮಾತನ್ನು ಅವರು ಇಂದಿನವರೆಗೂ ಎತ್ತಿಲ್ಲ.